ವಿರೂಪಾಕ್ಷಪ್ಪನ ಟವೆಲ್

ಮಲಪನಗುಡಿಯಲ್ಲಿ ಹೊಸಪೇಟೆ ಬಸ್ಸು ಇನ್ನೂ ಸರಿಯಾಗಿ ನಿಂತಿರುವುದಿಲ್ಲ, ಅಷ್ಟರಲ್ಲಿ ಹಿಟ್ಟಿನ ಗಿರಣಿಯ ವಿರೂಪಾಕ್ಷಪ್ಪನ ಟವೆಲ್ ಕಿಟಕಿಯಿಂದ ಒಳಗೆ ಬಿದ್ದಿರುತ್ತದೆ. ಮದುವೆಯ ಪಂಕ್ತಿಯಲ್ಲಾಗಲಿ, ಆಸ್ಪತ್ರೆಯ ಬೆಂಚಿನಲ್ಲಾಗಲಿ, ಮೊದಲು ಟವೆಲ್, ಆಮೇಲೆ ಮನುಷ್ಯ. ಒಂದು ಕಾಲಕ್ಕೆ ಹೆಂಡತಿ ಕೊಟ್ರಮ್ಮನಿಗೂ ಸೀಟು ಹಿಡಿಯುತ್ತಿದ್ದ. ಅವಳು ತೀರಿಕೊಂಡಾಗ, ಮನೆತನದ ಸ್ಮಶಾನದಲ್ಲಿ ಅವಳ ಸಮಾಧಿಯ ಪಕ್ಕ ಒಂದು ಕಲ್ಲು ನೆಟ್ಟು ತನ್ನ ಜಾಗವನ್ನೂ ಹಿಡಿದಿಟ್ಟ.

ಆ ಕಲ್ಲಿಗೆ ಹೆದರದ್ದು ಬಳ್ಳಾರಿ ಜಾಲಿ ಒಂದೇ. ಸ್ಮಶಾನವೆಲ್ಲ ಮುಳ್ಳಾಯಿತು. ಅಮಾವಾಸ್ಯೆಗೆ ಕಾಯಿ ಒಡೆಯಲು ಹೋದವನು ಧೋತರ ಹರಿದುಕೊಂಡು, ದೂರದಿಂದಲೇ ಕೈಮುಗಿದು ಬಂದ. ಆಳಿಟ್ಟು ಕಡಿಸಿದ, ಜಾಲಿ ಮತ್ತೆ ಚಿಗುರಿತು. ಬುಡ ಕೀಳಲು ಜೆಸಿಬಿಯೇ ಬೇಕು. ಜೆಸಿಬಿಯ ಬಾಡಿಗೆ ಕೇಳಿದ ಮೇಲೆ ಅವನಿಗೆ ಪಂಚಾಯಿತಿಯ ಮೇಲೆ ಪ್ರೀತಿ ಹುಟ್ಟಿತು.

"ಕಾಯ್ದೆ ಒಪ್ಪಂಗಿಲ್ರೀ ಯಜಮಾನ್ರ," ಎಂದಳು ಪಿಡಿಒ ಗಂಗಾಂಬಿಕಾ. "ಜಾಗ ನಿಮ್ಮ ಮನೆತನದ್ದು. ಸರಕಾರದ ರೊಕ್ಕ ಖಾಸಗಿ ಸ್ಮಶಾನಕ್ಕ ಹಾಕಾಕ ಬರಂಗಿಲ್ಲ. ಪಂಚಾಯ್ತಿಗೆ ದಾನ ಬರದು ಕೊಡ್ರಿ, ಮಾಡಸ್ತೀನಿ."

"ಕೊಟ್ರ?"

"ಊರಾಗ ಯಾರು ಸತ್ರೂ ಅಲ್ಲಿ ಮಣ್ಣು ಮಾಡಬೌದು."

"ಯಾರು ಅಂದ್ರ?"

"ಯಾರು ಅಂದ್ರ ಯಾರಾದ್ರೂರಿ."

"ಮತ್ತ ನನ್ನ ಕಲ್ಲು?"

"ಊರಿನ ಜಾಗ ಆದಮ್ಯಾಲ ಹಿಡದಿಡಾಕ ಬರಂಗಿಲ್ರಿ."

ಗಿರಣಿಗೆ ಬಂದವರ ಮುಂದೆಲ್ಲ ಕಾಯ್ದೆಯನ್ನು ಬೈದ. ಎಲ್ಲರ ದುಡ್ಡು ಬೇಕು, ಎಲ್ಲರೂ ಬೇಡ ಎಂದರೆ ಹೇಗೆ ಎಂದು ನಾವೂ ಕಿಚಾಯಿಸಿದೆವು. ಆದರೆ ಅವನ ಸಂಕಟ ಸುಳ್ಳಲ್ಲ. ಕೊಟ್ಟರೆ ಹೆಂಡತಿಯ ಪಕ್ಕದ ಜಾಗ ಹೋಗುತ್ತದೆ, ಕೊಡದಿದ್ದರೆ ಅವಳು ಮುಳ್ಳಿನಲ್ಲೇ ಇರುತ್ತಾಳೆ. ಮುಂದಿನ ಅಮಾವಾಸ್ಯೆಗೂ ದೂರದಿಂದಲೇ ಕೈಮುಗಿದವನು ಮರುದಿನ ಪಂಚಾಯಿತಿಗೆ ಹೋಗಿ ದಾನಪತ್ರಕ್ಕೆ ಸಹಿ ಹಾಕಿದ. ಅವನು ಸೀಟು ಬಿಟ್ಟುಕೊಟ್ಟದ್ದನ್ನು ಊರು ನೋಡಿದ್ದು ಅದೇ ಮೊದಲು.

ಕೊನೆಗೆ ಜೆಸಿಬಿ ಬಂತು. ಜಾಲಿಯ ಜೊತೆ ಅವನ ಕಲ್ಲೂ ಹೋಯಿತು. ವಿರೂಪಾಕ್ಷಪ್ಪ ಸಮಾಧಿಯ ಹತ್ತಿರ ಕೂತು ಕಾಯಿ ಒಡೆದ, ಮನಸಾರೆ ಅತ್ತ, ಎದ್ದು ಹೊರಟ.

ಮುಳ್ಳು ಒಟ್ಟುತ್ತಿದ್ದ ಕೂಲಿ ಹನುಮಣ್ಣ ಕೂಗಿದ. ಸ್ವಂತ ಸ್ಮಶಾನವಿಲ್ಲದೆ ತನ್ನವರನ್ನು ಕಾಲುವೆ ದಂಡೆಯಲ್ಲಿ ಹೂಳುತ್ತ ಬಂದವನು ಅವನು. "ಯಜಮಾನ್ರ, ಕಲ್ಲಿದ್ದ ಜಾಗದಾಗ ಟವೆಲ್ ಬಿಟ್ರಿ."

"ಬಿಟ್ಟಿಲ್ಲ. ಹಾಕೀನಿ."

ಹನುಮಣ್ಣ ನಕ್ಕ. ತಲೆಗೆ ಸುತ್ತಿದ್ದ ತನ್ನ ಟವೆಲ್ ಬಿಚ್ಚಿ, ಕೊಡವಿ, ಅದರ ಮಗ್ಗುಲಿಗೇ ಹಾಸಿದ.

ವಿರೂಪಾಕ್ಷಪ್ಪ ತಿರುಗಿ ಬಂದು ಎರಡೂ ಟವೆಲ್‌ಗಳನ್ನು ನೋಡಿದ.

"ಜರಾ ಸರಿಸಿ ಹಾಕೋ ಹನುಮಣ್ಣ," ಎಂದ. "ಇಕ್ಕಟ್ಟಾದ್ರ ಕೊಟ್ರಮ್ಮ ಬೈತಾಳ."