ಕೆಂಪು ಕಮಾನಿನ ಹೊರಗೆ

ಸೌದಿಯ ರಾಸ್ ತನೂರಾದ ತೈಲ ಕಾರ್ಖಾನೆಯಲ್ಲಿ ನನ್ನ ಕೈಕೆಳಗೆ ಕುಂದಾಪುರದ ಕಡೆಯ ಫಿಟ್ಟರ್ ಒಬ್ಬರಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವರ ತಮ್ಮ ಅದೇ ದೇಶದ ಬುರೈದಾದಲ್ಲಿ ಖರ್ಜೂರದ ಲಾರಿ ಓಡಿಸುತ್ತಿದ್ದ. ಹೆದ್ದಾರಿಯಲ್ಲಿ ಲಾರಿ ಮಗುಚಿ ಸತ್ತುಹೋದ. ಪೊಲೀಸರ ವರದಿ, ಕೆಲಸಕ್ಕೆ ಕರೆಸಿಕೊಂಡ ಧಣಿ ಕಫೀಲನ ಸಹಿ ಎಂದು ಹೆಣ ಶವಾಗಾರದಲ್ಲೇ ಉಳಿಯಿತು.

ಅದೇ ವಾರ ನಾವಿಬ್ಬರೂ ವಾಲ್ವ್ ರಿಪೇರಿಯ ತರಬೇತಿಗೆ ಟೋಕಿಯೊಗೆ ಹೋಗಬೇಕಿತ್ತು. ಅವರು ಬರುವುದಿಲ್ಲವೆಂದರು. ಕಾಗದಪತ್ರಕ್ಕೆ ಒಂದು ತಿಂಗಳಾದರೂ ಹಿಡಿಯುತ್ತದೆ, ಇಲ್ಲಿ ಕೂತು ಮಾಡುವುದಾದರೂ ಏನು ಎಂದು ಒಪ್ಪಿಸಿದವನು ನಾನು. ಅವರ ಮೇಲೆ ಕನಿಕರವಿತ್ತು, ನಿಜ. ಗೊತ್ತಿಲ್ಲದ ಊರಿಗೆ ಒಬ್ಬನೇ ಹೋಗಲು ಅಳುಕೂ ಇತ್ತು.

ನಾವಿದ್ದ ಹೋಟೆಲಿನ ಹಿಂದೆ, ಔಷಧದ ಅಂಗಡಿಗೂ ಕಾರು ನಿಲ್ಲಿಸುವ ಕಟ್ಟಡಕ್ಕೂ ನಡುವೆ, ಜಪಾನೀಯರ ಒಂದು ಪುಟ್ಟ ಗುಡಿ. ಕೆಂಪು ಮರದ ಕಮಾನು ದಾಟಿದರೆ ರೈಲಿನ ಸದ್ದು ಕೂಡ ದೂರವಾದಂತೆ ಅನಿಸುತ್ತಿತ್ತು. ಮೊದಲ ಬೆಳಿಗ್ಗೆ, ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬಳು ಕಲ್ಲುತೊಟ್ಟಿಯ ನೀರಲ್ಲಿ ಕೈ ತೊಳೆದು, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿದ್ದನ್ನು ನೋಡಿ ನಾನೂ ಹಾಗೇ ಮಾಡಿದೆ. ಬಹಿರಂಗ ಪೂಜೆಗೆ ಅವಕಾಶವಿಲ್ಲದ ರಾಸ್ ತನೂರಾದಲ್ಲಿ ನಮ್ಮ ದೇವರು ಕಪಾಟಿನೊಳಗೆ, ಅಂಗಿಗಳ ಹಿಂದೆ. ಕೈ ಮುಗಿಯುವ ಮೊದಲು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹಿಂತಿರುಗಿ ನೋಡಿದೆ. ನಮ್ಮ ಫಿಟ್ಟರ್ ಕಮಾನಿನ ಹೊರಗೇ ನಿಂತಿದ್ದರು.

ದಿನವೂ ಹಾಗೆಯೇ. ನಮಗೆ ಕಲಿಸುತ್ತಿದ್ದ ವಯಸ್ಸಾದ ಎಂಜಿನಿಯರ್ ಒಮ್ಮೆ ಇದನ್ನು ಕಂಡು ಕಾರಣ ಕೇಳಿದರು. ಇವರಿಗೆ ತಮ್ಮ ಸತ್ತ ಸೂತಕವಿದೆ ಎಂದು ನಾನು ಹೇಳಿದೆ. ಸಾವಾದ ಮನೆಯವರು ತಮ್ಮಲ್ಲೂ ಐವತ್ತು ದಿನ ಈ ಕಮಾನು ದಾಟುವುದಿಲ್ಲ ಎಂದು ಅವರು ಅಂದದ್ದನ್ನು ಕನ್ನಡದಲ್ಲಿ ತಿಳಿಸಿದೆ.

“ಅವರಿಗೆ ಐವತ್ತು ದಿನವಾದ್ರೂ ಉಂಟು,” ಎಂದರು ನಮ್ಮವರು. “ನಮ್ದು ಇನ್ನೂ ಸುಡ್ಲಿಕ್ಕೇ ಆಗ್ಲಿಲ್ಲ. ಸೂತಕ ಮುಗಿಯುದು ಯಾವಾಗ ಮಾರಾಯ?”



ಎಂಟನೆಯ ದಿನ ಊಟದ ಹೊತ್ತಿಗೆ ಮನೆಗಷ್ಟೇ ಕೊಟ್ಟಿದ್ದ ಜಪಾನಿನ ನಂಬರಿಗೆ ಊರಿಂದ ಅವರಿಗೆ ಫೋನ್ ಬಂತು. ಕಾಗದಗಳೆಲ್ಲ ಒಮ್ಮೆಲೇ ಸಿಕ್ಕಿದ್ದವು. ಬುರೈದಾದ ಗೆಳೆಯರು ಇವರನ್ನು ಹುಡುಕಿ, ಜಪಾನಿನಲ್ಲಿ ನಡೆಯದ ಸೌದಿಯ ನಂಬರಿಗೆ ಮಾಡಿ ಮಾಡಿ ಸೋತು, ಹೆಣವನ್ನು ವಿಮಾನಕ್ಕೆ ಹಾಕಿದ್ದರು. ಜೊತೆಗೆ ಯಾರೂ ಇರಲಿಲ್ಲ. ಅದಾಗಲೇ ಮಂಗಳೂರು ತಲುಪಿತ್ತು, ಅಂದೇ ಸುಡುವವರಿದ್ದರು. ಅಣ್ಣ ಬರುವವರೆಗೆ ಕಾಯುವ ಸ್ಥಿತಿಯಲ್ಲಿ ಹೆಣವಿರಲಿಲ್ಲ.

ನನ್ನಿಂದ ತಪ್ಪಾಯಿತು ಎಂದೆ. ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ನೀವು ಹೇಳಿದ್ರಿ, ನಾನು ಬಂದೆ,” ಎಂದಷ್ಟೇ ಹೇಳಿ ತರಗತಿಗೆ ಎದ್ದುಹೋದರು. ಉಳಿದ ಎರಡು ದಿನ ಒಂದು ಪಾಠವನ್ನೂ ತಪ್ಪಿಸಲಿಲ್ಲ.

ರಾಸ್ ತನೂರಾಕ್ಕೆ ಮರಳಿದ ವಾರವೇ ಬೇರೆ ಕೋಣೆ ಕೇಳಿ ಅರ್ಜಿ ಕೊಟ್ಟರು. ಕಾರಣ ಬರೆಯುವ ಜಾಗ ಖಾಲಿ ಬಿಟ್ಟಿದ್ದರು. ಮೇಲ್ವಿಚಾರಕನಾಗಿ ಅದಕ್ಕೆ ನಾನೇ ಸಹಿ ಹಾಕಿದೆ.