ಮೈದಾನಕ್ಕೆ ನೀರು ತಂದ ಖಾಸಿಂ ಕಾಕಾ

ಖಾಸಿಂ ಕಾಕಾ ಯಾರ ಜೊತೆ ವಾದಕ್ಕೆ ನಿಂತರೂ ಮೊದಲು ಪೈಜಾಮ ಎತ್ತಿ ಮೊಣಕಾಲು ತೋರಿಸುತ್ತಿದ್ದ. ಎದುರಿಗಿದ್ದವನು ಪಂಚಾಯಿತಿ ಅಧ್ಯಕ್ಷನೋ, ಕಾಲುವೆಯ ಇಂಜಿನಿಯರನೋ, ಮಗಳನ್ನು ನೋಡಲು ಬಂದ ಬೀಗನೋ, ಆ ಪರಿವೆಯೇ ಅವನಿಗಿರಲಿಲ್ಲ. ಗಾಯ ಮಾಗಿ, ಒಡೆದು, ಮತ್ತೆ ಮಾಗಿ, ಎರಡೂ ಮೊಣಕಾಲ ಚರ್ಮ ಹಳೆ ಚಪ್ಪಲಿಯ ಅಟ್ಟೆಯಂತಾಗಿತ್ತು. "ನೋಡ್ರಿ ಸಾಬ್, ಇದು ಜಗಳಾಡಿ ಆದದ್ದಲ್ಲ, ಫುಟ್‌ಬಾಲ್ ಆಡಿ ಆದದ್ದು. ನಮ್ದು ಮೈದಾನ ಅಲ್ರಿ, ಕಬ್ಬಿಣ ತಿಕ್ಕೂ ಅರ. ಬಿದ್ದಾಂವನ ತೊಗಲು ಇಟ್ಕೊಂಡು ಕಳಸ್ತದ" ಎನ್ನುತ್ತಿದ್ದ. ಬೀಗರು ಆ ಸಂಬಂಧ ಮುರಿದುಕೊಂಡು ಹೋದದ್ದಕ್ಕೆ ಮೊಣಕಾಲೇ ಕಾರಣವೆಂದು ಅವನ ಹೆಂಡತಿ ಕೊನೆತನಕ ನಂಬಿದ್ದಳು.

ನಮ್ಮೂರು ಶಹಾಪುರಕ್ಕೂ ಸುರಪುರಕ್ಕೂ ನಡುವೆ. ಬಸ್ಸು ನಿಲ್ಲುವಲ್ಲಿ ಕಾಕಾನ ಸೈಕಲ್ ಟ್ಯಾಕ್ಸಿ ಅಂಗಡಿ ಇತ್ತು. ತಾಸಿನ ಬಾಡಿಗೆಗೆ ಸೈಕಲ್ ಕೊಡುವುದಕ್ಕೆ ನಮ್ಮ ಕಡೆ ಹಾಗೇ ಅನ್ನುತ್ತಾರೆ. ನಾನು ಸೊಸೈಟಿಯಲ್ಲಿ ಗುಮಾಸ್ತ, ಸಂಜೆ ಊರ ಫುಟ್‌ಬಾಲ್ ತಂಡದ ಗೋಲಿ, ಅಂದರೆ ಗೋಲು ಕಾಯುವವನು. ಅವನು ನನಗಿಂತ ಇಪ್ಪತ್ತು ವರ್ಷ ಹಿರಿಯ. ಆದರೂ ಅವನನ್ನು ಬಹುವಚನದಲ್ಲಿ ಬರೆಯಲು ಕೈ ಏಳುತ್ತಿಲ್ಲ. ಒಮ್ಮೆ ಹೊಸದಾಗಿ ಬಂದ ಶಾಲೆಯ ಮಾಸ್ತರರು "ಖಾಸಿಂ ಸಾಹೇಬರೇ" ಎಂದದ್ದಕ್ಕೆ, ಯಾರು ಬಂದರೆಂದು ಅವನು ಹಿಂದೆ ತಿರುಗಿ ನೋಡಿದ್ದ.

ಸಂಜೆಯಾದರೆ ಅಂಗಡಿಯಲ್ಲಿ ವ್ಯಾಪಾರವಿಲ್ಲ. ಚಕ್ರಕ್ಕೆ ಗಾಳಿ ಹೊಡೆಸಲು ಬಂದವನಿಗೆ, "ಪಂಪು ಚೆಂಡಿನ ಕೆಲಸಕ್ಕ ಹೋಗ್ಯಾದ, ನಾಳಿ ಬಾ" ಎಂದು ಹೇಳಿ ಕಳಿಸುತ್ತಿದ್ದ. ಆಟಗಾರನಾಗಿ ಅವನೇನು ದೊಡ್ಡವನಲ್ಲ. ಚೆಂಡಿಗಿಂತ ಗಾಳಿಗೆ ಹೆಚ್ಚು ಒದೆಯುತ್ತಿದ್ದ. ಆದರೆ ಸೋಲನ್ನು ಒಪ್ಪಿಕೊಂಡದ್ದೇ ಇಲ್ಲ. ಗುರುಮಠಕಲ್‌ನವರು ನಮ್ಮನ್ನು ಹಿಟ್ಟು ಮಾಡಿ ಕಳಿಸಿದ ದಿನವೂ ಬಸ್ಸಿನಲ್ಲಿ ಎದ್ದು ನಿಂತು, "ಮಾರಿ ಯಾಕ ಸಣ್ಣ ಮಾಡ್ಕೊಂಡೀರಿ? ನಾವೇನು ಸೋತಿಲ್ಲ, ಅವರು ಜರಾ ಜಾಸ್ತಿ ಗೆದ್ದಾರ" ಎಂದಿದ್ದ. ನಾವು ನಕ್ಕೆವು. ಅವನು ನಗಲಿಲ್ಲ.

ಕೃಷ್ಣೆಯ ನೀರು ಕಾಲುವೆ ಹಿಡಿದು ನಮ್ಮ ಸೀಮೆಗೆ ಬರುತ್ತದೆಂದಾಗ ಊರವರೆಲ್ಲ ತಂತಮ್ಮ ಹೊಲಕ್ಕೆ ನೀರು ಕೇಳಿದರು. ಕಾಕಾನಿಗೆ ಹೊಲವಿರಲಿಲ್ಲ. ಅವನು ಮೈದಾನಕ್ಕೆ ಕೇಳಿದ. ಹುಲ್ಲು ಬೆಳೆಸಬೇಕು, ನಮ್ಮ ಹುಡುಗರು ಹಸಿರಿನ ಮೇಲೆ ಬೀಳಬೇಕು, ಅದೊಂದೇ ಅವನ ಹಟ. ಇಂಜಿನಿಯರ್ ಮೈಸೂರು ಕಡೆಯವರು, ತಾಳ್ಮೆಯ ಮನುಷ್ಯ. "ನೀರು ಬೆಳೆಗೆ ಸಾಹೇಬರೇ. ಮೈದಾನದಲ್ಲಿ ಏನು ಬೆಳೀತೀರಿ?" ಎಂದು ಕೇಳಿದರು.

"ಹುಲ್ಲು ಬೆಳೀತೀವ್ರಿ. ನಮ್ಮ ಮಾತು ಸುಳ್ಳನಸಿದ್ರ ಒಂದ್ಸಲ ನೀವ ಬಂದು ಬಿದ್ದು ನೋಡ್ರಿ."

ಆ ಮಾತಿಗೋ ಮೊಣಕಾಲಿಗೋ, ಅವರು ಕರಗಿದರು. ಹೊಲಕ್ಕೆ ಹೋಗುವ ನೀರಿನಲ್ಲೇ ಒಂದಿಷ್ಟು ಮೈದಾನಕ್ಕೆ ಹರಿಸಿಕೊಂಡರೆ ತಾವು ನೋಡಿಯೂ ನೋಡದಂತೆ ಇರುವುದಾಗಿ ಹೇಳಿದರು. ಆದರೆ ಕಾಲುವೆಗೂ ಮೈದಾನಕ್ಕೂ ನಡುವೆ ಶರಣಗೌಡನ ಜೋಳದ ಹೊಲವಿತ್ತು. ಅದರೊಳಗೆ ಹಾಯದೆ ನೀರು ಬರುವಂತಿರಲಿಲ್ಲ. ಗೌಡನಿಗೆ ನೀರೇ ಬೇಡವಾಗಿತ್ತು. "ನಮ್ಮಪ್ಪ ಮಳಿ ನಂಬಿ ಬಿತ್ಯಾನ, ನಾನೂ ಮಳಿ ನಂಬಿ ಬಿತ್ತಾಂವ. ನಿನ್ನ ಕಾಲುವಿ ನೀ ಇಟ್ಕೋ" ಅಂದುಬಿಟ್ಟ. ಕಾಕಾ ಬಿಡಲಿಲ್ಲ. ಬಿತ್ತನೆಗೂ ಹೋದ, ಕಳೆಗೂ ಹೋದ, ಕಟಾವಿಗೂ ಹೋದ. ಗೌಡನ ಪಕ್ಕ ಬದುವಿನ ಮೇಲೆ ಕೂತು ಅವನ ರೊಟ್ಟಿಯಲ್ಲೇ ಪಾಲು ತಿನ್ನುತ್ತ, "ನೀರು ಬಂದ್ರ ನೆಲ ನಗ್ತದ ಗೌಡಾ, ಒಂದ್ಸಲ ನಗಸಿ ನೋಡು" ಎಂದು ಕಿವಿ ತೂತು ಮಾಡಿದ. ಕಡೆಗೆ ಗೌಡ ಬೇಸತ್ತು ಕೈ ಮುಗಿದು ಹೊಲದಂಚಿನಲ್ಲಿ ಜಾಗ ಬಿಟ್ಟುಕೊಟ್ಟ.

ಹುಲ್ಲು ಬಂತು! ಹಸಿರು ಮೈದಾನದಲ್ಲಿ ಮೊದಲ ಪಂದ್ಯ ಕಕ್ಕೇರಾದವರ ಜೊತೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಕಾಕಾ ಓಡಿ ಬಂದು ದೊಪ್ಪನೆ ಬಿದ್ದು ಜಾರಿದ. ಅವನ ಹತ್ತಿರ ಚೆಂಡೂ ಇರಲಿಲ್ಲ, ಎದುರಾಳಿಯೂ ಇರಲಿಲ್ಲ. ಎದ್ದು ಮೈಕೈ ನೋಡಿಕೊಂಡ. ರಕ್ತವಿಲ್ಲ. ಮತ್ತೆ ಓಡಿ ಮತ್ತೆ ಬಿದ್ದ. ಕಕ್ಕೇರಾದ ಗೋಲಿ ಆಟ ನಿಲ್ಲಿಸಿ, "ಇವರಿಗೇನು ಮೂರ್ಛಿ ರೋಗ ಅದ ಏನ್ರಿ?" ಎಂದು ನನ್ನನ್ನು ಕೂಗಿ ಕೇಳಿದ. ನನ್ನ ಕಣ್ಣು ತುಂಬಿತ್ತು. ಮನುಷ್ಯ ತಾನು ಬೇಡಿದ್ದನ್ನು ಪಡೆದು ಅಷ್ಟು ಸಂತೋಷಪಟ್ಟದ್ದನ್ನು ನಾನು ಮುಂದೆ ಎಲ್ಲೂ ನೋಡಲಿಲ್ಲ.

ಆ ಸುಖ ಹೆಚ್ಚು ಕಾಲ ಬಾಳಲಿಲ್ಲ. ಮಗ್ಗುಲಲ್ಲಿ ನೀರು ಹರಿಯುತ್ತಿದ್ದರೆ ಜೋಳ ಎಷ್ಟು ದಿನ ಬಿತ್ತಿಯಾನು? ಸುತ್ತಲಿನವರ ಹಾಗೆ ಗೌಡನೂ ಭತ್ತ ನಾಟಿ ಮಾಡಿದ. ಅವನ ಗದ್ದೆ ಎತ್ತರದಲ್ಲಿ, ನಮ್ಮ ಮೈದಾನ ತಗ್ಗಿನಲ್ಲಿ. ಮೈದಾನದ ಗರಸು ಮಣ್ಣಿನ ಕೆಳಗೆ ಎರಡು ಮೊಳಕ್ಕೆ ಬಂಡೆ ಇದ್ದದ್ದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಗದ್ದೆಯಲ್ಲಿ ನಿಂತ ನೀರು ಒಳಗೊಳಗೇ ಬಸಿದು ಬಂದು ನಮ್ಮ ಕಾಲಡಿ ಮೇಲೆದ್ದಿತು. ಮೊದಲು ನೆಲ ಮೆತ್ತಗಾಯಿತು, ಆಮೇಲೆ ಗೋಲು ಕಂಬ ವಾಲಿತು, ಆಮೇಲೆ ಬೇಸಗೆಯಲ್ಲಿ ಬಿಳಿ ಉಪ್ಪು ಕಾಣಿಸಿತು. ಹುಲ್ಲು ಸತ್ತು ಜೊಂಡು ಬೆಳೆಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂದು ಊರವರು ಆಡಿಕೊಂಡರು.

ಒಂದು ವರ್ಷ ಭತ್ತ ಬಿಡು ಎಂದು ಕೇಳಲು ಕಾಕಾ ಗೌಡನ ಹತ್ತಿರ ಹೋದ. ನಾನೂ ಜೊತೆಗಿದ್ದೆ. ಗೌಡ ಬೈಯಲಿಲ್ಲ, ಅದೇ ಕಷ್ಟವಾಯಿತು. ಚಹಾ ತರಿಸಿ ಮೆತ್ತಗೆ ಹೇಳಿದ. "ಕಾಕಾ, ನಾ ಬ್ಯಾಡ ಅಂದಿದ್ದೆ. ನೀ ಕಾಲುವಿ ರುಚಿ ಹಚ್ಚಿದಿ. ಈಗ ಮನ್ಯಾಗ ಹುಡುಗ್ರು ಅನ್ನ ಉಂಡು ರೂಢಿ ಆಗ್ಯಾರ. ಮತ್ತ ಜ್ವಾಳ ಬಿತ್ತಂದ್ರ ಹ್ಯಾಂಗ ಬಿತ್ತಲಿ?" ಕಾಕಾ ಕಪ್ಪುಬಸಿಯ ಚಹಾ ಮುಗಿಸಿ ಎದ್ದ.

ಕೆಲವು ವರ್ಷಗಳ ನಂತರ ಮೈದಾನದ ಅಭಿವೃದ್ಧಿಗೆ ಅನುದಾನ ಬರುತ್ತದೆಂದು ಸುದ್ದಿಯಾಯಿತು. ಪಂಚಾಯಿತಿ ಕಟ್ಟೆಯಲ್ಲಿ ನಕಾಶೆ ಬಿಡಿಸಿದರು. ಅದರಲ್ಲಿ ಹೊಸ ಕಂಬ, ಕೂರಲು ಮೆಟ್ಟಿಲು, ಸುತ್ತ ಗೋಡೆ, ಧ್ವಜದ ಕಟ್ಟೆ ಎಲ್ಲ ಇತ್ತು. ಕಾಕಾ ಆಗ ಆಡುವುದನ್ನು ಬಿಟ್ಟಿದ್ದ, ಆದರೂ ಕ್ಲಬ್ಬಿನ ಹಿರಿಯ ಅವನೇ. "ಮೆಟ್ಲ ಯಾರಿಗ್ರಿ? ನಮ್ಮ ಮಂದಿ ನಿಂತ ಆಟ ನೋಡ್ತಾರ. ಮೊದ್ಲು ನೀರು ಹೊರಗ ಹೋಗೂ ಬಸಿಗಾಲುವಿ ಬರೀರಿ" ಎಂದು ಹಟ ಹಿಡಿದ. ಆ ದಿನಗಳಲ್ಲಿ ಅವನಿಗೆ ಮತ್ತೆ ಪ್ರಾಯ ಬಂದಂತಿತ್ತು. ತಂಡದ ಹುಡುಗರನ್ನು ಕಟ್ಟಿಕೊಂಡು ಕೋಲು ಊರುತ್ತ ಜೊಂಡಿನ ನಡುವೆ ಓಡಾಡುತ್ತಿದ್ದ.

ಬಸಿಗಾಲುವೆಗೆ ಇದ್ದದ್ದು ಎರಡೇ ದಾರಿ. ಒಂದು, ಮೈದಾನದ ಕೆಳಗಿದ್ದ ಗೌಡನ ಅಣ್ಣತಮ್ಮಂದಿರ ಗದ್ದೆಗಳನ್ನು ಸೀಳಿಕೊಂಡು ಹೋಗಬೇಕು. ಅವರು ಒಂದಡಿ ಬಿಡಲೂ ತಯಾರಿರಲಿಲ್ಲ. ಇನ್ನೊಂದು ನೇರ ಹಳ್ಳಕ್ಕೆ, ತಗ್ಗಿನ ಗುಡಿಸಲುಗಳ ಮೇಲೆ ಹಾದು. ಅಲ್ಲಿದ್ದವರು ನಾಟಿ ಕೂಲಿಗೆಂದು ಬೇರೆ ಊರುಗಳಿಂದ ಬಂದು ನೆಲೆ ನಿಂತವರು. ಹಕ್ಕುಪತ್ರ ಇರಲಿಲ್ಲ. "ನಿಮ್ಮ ಕ್ಲಬ್ಬು ಹೂಂ ಅನ್ಲಿ, ಎಬ್ಬಿಸೂ ಕೆಲಸ ನಮ್ದು" ಎಂದ ಅಧ್ಯಕ್ಷ. ಆವತ್ತು ಸಂಜೆ ಕಾಕಾ ಒಬ್ಬನೇ ಆ ಗುಡಿಸಲುಗಳ ಕಡೆ ಹೋಗಿ ಬಂದ. ಅಲ್ಲಿ ಏನು ನೋಡಿದನೋ, ಯಾರಿಗೂ ಹೇಳಲಿಲ್ಲ.

ಮರುದಿನದ ಸಭೆಯಲ್ಲಿ ಎದ್ದು ನಿಂತು, ಆಗೂದಿಲ್ಲ ಅಂದ. ತಂಡದ ಹುಡುಗರು ದಂಗಾದರು. "ಅವರು ಎಲ್ಲಿಂದೋ ಬಂದಾರ ಕಾಕಾ, ಎಲ್ಲೆರೆ ಹೋಗ್ತಾರ. ನಮಗ ಇದೊಂದ ಮೈದಾನ" ಎಂದ ಕ್ಯಾಪ್ಟನ್.

"ನೀರು ಬಂತಂತ ಅವರು ಬಂದಾರ. ಈ ಮೂಲಿಗಿ ನೀರು ತಂದಾಂವ ಯಾರು? ನಾನ." ಕಾಕಾ ಎದೆ ಮುಟ್ಟಿಕೊಂಡ. "ಒಮ್ಮಿ ಮಂದಿ ಹೊಲದಾಗ ಹಾದು ನೀರು ತಂದೆ, ಎಲ್ಲಾ ಕೆಟ್ಟು ಹೋಯ್ತು. ಈಗ ಮಂದಿ ಮನ್ಯಾಗ ಹಾದು ಹೊರಗ ಹಾಕು ಅಂದ್ರ ನನ್ನ ಕೈಲಿ ಆಗೂದಿಲ್ರೋ. ಬೈದ್ರ ಬೈರಿ."

ಬೈದರು. ಅಲ್ಲೇ, ಅವನ ಎದುರಿಗೇ ಬೈದರು. ಯಾರ ಕಾಲಿಗೆ ಬೂಟು ಸಿಗಲೆಂದು ಊರೂರು ಅಲೆದಿದ್ದನೋ ಅವರೇ, ಹಾಳು ಮಾಡಿದವನೂ ನೀನೇ, ರಿಪೇರಿ ಬೇಡ ಅನ್ನುವವನೂ ನೀನೇ ಎಂದರು. ಸುಳ್ಳು ಯಾಕೆ ಹೇಳಲಿ, ನನಗೂ ಆ ಕ್ಷಣ ಅವನ ಮೇಲೆ ಸಿಟ್ಟು ಬಂದಿತ್ತು. ಮನೆಗೆ ಬಂದು ಊಟಕ್ಕೆ ಕೂತಾಗ ಸಿಟ್ಟು ಇಳಿಯಿತು. ಅವನು ಸರಿ ಎಂದು ಗೊತ್ತಾಯಿತು, ಮೈದಾನ ಹೋಯಿತೆಂದೂ ಗೊತ್ತಾಯಿತು.

ಅನುದಾನ ಬೇರೆ ಊರಿಗೆ ಹೋಯಿತು. ಮೈದಾನಕ್ಕೆ ಲಾರಿಗಟ್ಟಲೆ ಮಣ್ಣು ಸುರಿದು, ಎತ್ತರ ಮಾಡಿ, ಭತ್ತದ ಗೋದಾಮು ಕಟ್ಟಿದರು. ಆಡುವ ಹುಡುಗರು ಚದುರಿದರು. ಕಾಕಾನ ಅಂಗಡಿ ಎದುರೇ ನಡೆದರೂ ಅತ್ತ ನೋಡುತ್ತಿರಲಿಲ್ಲ. ಎಲ್ಲರ ಮನೆಗೂ ಮೋಟಾರ್ ಸೈಕಲ್ ಬಂದ ಕಾಲ ಅದು, ಬಾಡಿಗೆ ಸೈಕಲ್ ಯಾರಿಗೂ ಬೇಡವಾಗಿತ್ತು. ಹೆಂಡತಿ ತೀರಿದ ಮೇಲೆ ಅವನು ಅಂಗಡಿ ಮುಚ್ಚಿ ಗುರುಮಠಕಲ್‌ಗೆ ಮಗಳ ಮನೆಗೆ ಹೋದ. ಕಳಿಸಲು ಬಸ್ಸಿನ ಹತ್ತಿರ ಬಂದವನು ನಾನೊಬ್ಬನೇ.

ಅವನು ಸಾಯುವ ಮುಂಚಿನ ಬೇಸಗೆಯಲ್ಲಿ ಒಮ್ಮೆ ಹೋಗಿದ್ದೆ. ಗಡಿ ಸೀಮೆಯಾದ್ದರಿಂದ ಓಣಿಯಲ್ಲೆಲ್ಲ ತೆಲುಗು ಮಾತು, ಕಾಕಾನಿಗೆ ಅದು ಬಾರದು. ಮನೆಯ ಹಿತ್ತಲಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ನನ್ನನ್ನು ಕಂಡು ಕೈ ಹಿಡಿದುಕೊಂಡ, ಬಹಳ ಹೊತ್ತು ಬಿಡಲಿಲ್ಲ. ಗೌಡನ ಆರೋಗ್ಯ ಕೇಳಿದ. ತಗ್ಗಿನ ಗುಡಿಸಲುಗಳಿಗೆ ಕರೆಂಟು ಬಂತೇನೆಂದು ಕೇಳಿದ. ತಂಡದ ಹುಡುಗರ ಸುದ್ದಿ ಅವನೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಮನೆಯ ಮುಂದಿನ ಬಯಲಿನಲ್ಲಿ ಫುಟ್‌ಬಾಲ್ ನಡೆದಿತ್ತು. ಚೆಂಡು ಒದೆಯುವ ಸದ್ದು, ಕೂಗಾಟ ಹಿತ್ತಲಿಗೂ ಕೇಳಿಸುತ್ತಿತ್ತು.

"ಇಲ್ಲ್ಯಾಕ ಕುಂತಿ ಕಾಕಾ? ಮುಂದಿನ ಕಟ್ಟಿಗಿ ನಡಿ, ಆಟ ನೋಡೂಣು" ಎಂದೆ.

ಅವನು ತಲೆಯಲ್ಲಾಡಿಸಿದ.

"ಬ್ಯಾಡೋ ಮಲ್ಲ್ಯಾ. ನೋಡಿದ್ರ, ಏನರೆ ಸುಧಾರಸಬೇಕು ಅನಸ್ತದ."