ವಾಲ್ವಣ್ಣ ಬುಟ್ಟಿ ಮುಚ್ಚಿದ ಬಾತುಕೋಳಿ

ನನ್ನ ಮೈದುನನನ್ನು ಎಲ್ಲರೂ ವಾಲ್ವಣ್ಣ ಅನ್ನುತ್ತಾರೆ. ಊರಿಗೆಲ್ಲ ಕುಡಿಯುವ ನೀರು ಕೊಡುವ ಕೆರೆಯ ದಡದಲ್ಲಿ, ಪಂಪ್ ಮನೆಯ ವಾಲ್ವಿನ ಚಕ್ರ ತಿರುಗಿಸುತ್ತಲೇ ಮೂವತ್ತು ವರ್ಷ ಕಳೆದವನು. ಮದುವೆ ಆಗಲಿಲ್ಲ. "ನಮ್ಮ ವಾಲ್ವಣ್ಣನಿಗೆ ನೀರು ಬಿಡೋಕೆ ಬರುತ್ತೆ, ಬಾಯಿ ಬಿಡೋಕೆ ಬರಲ್ಲ" ಅಂತ ಜೊತೆಯ ಕೆಲಸದವರು ರೇಗಿಸಿದರೆ, ನಕ್ಕು ಕೈಯ ಗ್ರೀಸ್ ಒರೆಸಿಕೊಳ್ಳುತ್ತಿದ್ದ.

ಚಳಿಗಾಲದಲ್ಲಿ ಆ ಕೆರೆಗೆ ಕಾಡುಬಾತುಗಳು ಬರುತ್ತವೆ. ಹೋದ ವರ್ಷ ನಾಲ್ಕೈದು ಗಂಡುಗಳು ಮೈಮೇಲೆ ಬಿದ್ದು ಒಂದು ಹೆಣ್ಣು ಮೆಟ್ಟಿಲ ಬಳಿಯೇ ಮುಳುಗಿ ಸತ್ತಿತ್ತು. ಎತ್ತಿ ಹಾಕಿದವನು ಇವನೇ. ಅದಕ್ಕೇ ಈ ಸಲ ಆರು ಗಂಡುಗಳು ಒಂದು ಕಂದು ಹೆಣ್ಣನ್ನು ಸುತ್ತುವರಿದದ್ದು ಕಂಡದ್ದೇ ತಡ, ಕಸ ತೆಗೆಯುವ ಬಲೆಯಲ್ಲಿ ಅವಳನ್ನು ಬಾಚಿ ತಂದು ಪಂಪ್ ಮನೆಯಲ್ಲಿ ಬುಟ್ಟಿ ಮುಚ್ಚಿಬಿಟ್ಟ.

ಮಾರನೆಯ ಮಧ್ಯಾಹ್ನ ಬುತ್ತಿ ಕೊಡಲು ಹೋದೆ. ಬುಟ್ಟಿಯೊಳಗೆ ಅವಳು ಕೂಗುತ್ತಿದ್ದಳು. ಬಾಗಿಲೆದುರಿನ ನೀರಿನಲ್ಲಿ, ಕತ್ತಿನ ಗರಿ ಕಿತ್ತುಹೋದ ಹಸಿರುತಲೆಯವನೊಬ್ಬ ಸಣ್ಣ ದನಿಯಲ್ಲಿ ಓಗೊಡುತ್ತಿದ್ದ. ಬೇರೆ ಗಂಡುಗಳು ಕೂಗಿದರೆ ಅವಳು ಉಸಿರೆತ್ತುತ್ತಿರಲಿಲ್ಲ. ಸುಮ್ಮನೆ ಕೂತು ಬಹಳ ಹೊತ್ತು ಕೇಳಿದೆ.

"ಬಿಟ್ಟುಬಿಡೋ. ನಿನ್ನೆ ಅವಳು ತಪ್ಪಿಸಿಕೊಂಡು ಓಡ್ತಿರಲಿಲ್ಲ, ಗಂಡು ನೋಡ್ತಿದ್ದಳು."

"ಸತ್ತರೆ ಯಾರು ಹೊಣೆ ಅತ್ತಿಗೆ? ನೀವಾ?"

"ಇಲ್ಲೇ ಇಟ್ಟುಕೊಂಡರೆ ಅವನು ಇನ್ನೊಬ್ಬಳ ಪಾಲಾಗ್ತಾನೆ. ನೋಡಲ್ಲಿ!"

ಬೇರೊಂದು ಹೆಣ್ಣು ಅವನ ಪಕ್ಕಕ್ಕೆ ಬಂದು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿತ್ತು. ಅವನೂ ಒಂದು ಸಲ ಆಡಿಸಿದ.

ವಾಲ್ವಣ್ಣ ಬುಟ್ಟಿ ಎತ್ತಿದ. ಬಲೆ ಮಾತ್ರ ಕೈಯಲ್ಲೇ ಇತ್ತು.

ಅವಳು ನೀರಿಗೆ ಇಳಿದದ್ದೇ ಐದು ಗಂಡುಗಳು ನುಗ್ಗಿದವು. ಬರೀ ನೊರೆ, ರೆಕ್ಕೆ. ಅವಳು ಕಾಣಲಿಲ್ಲ. ಬಲೆಯ ಕೋಲು ಮೇಲೆದ್ದಿತು. ಎರಡೂ ಕೈಯಿಂದ ಹಿಡಿದು ಜೋತುಬಿದ್ದೆ.

"ಮುಳುಗಿದಳು ಅತ್ತಿಗೆ, ಬಿಡಿ!"

"ಹತ್ತು ಎಣಿಸು."

"ಎಣಿಸೋ ಹೊತ್ತಾ ಇದು?"

ಆದರೂ ಎಣಿಸಿದ. ಏಳು ಅನ್ನುವಾಗ ಅವಳು ಮೇಲೆದ್ದಳು, ಗರಿ ಕಿತ್ತವನ ಪಕ್ಕೆಗೇ ಅಂಟಿಕೊಂಡು. ಹೆಗಲ ಮೇಲಿಂದ ಕೊಕ್ಕು ತಿರುಗಿಸಿ ಹಿಂದಿದ್ದವರನ್ನೆಲ್ಲ ವಾಚಾಮಗೋಚರ ಬೈದಳು. ಅವಳು ಕೊಕ್ಕು ತೋರಿಸಿದ ಕಡೆಗೆಲ್ಲ ಅವನು ಏರಿಹೋದ. ಆಮೇಲೆ ಕತ್ತಿನ ಹಿಂಭಾಗ ಅವಳಿಗೆ ಕಾಣುವಂತೆ ಮುಖ ತಿರುಗಿಸಿಕೊಂಡು, ಬಾ ಅನ್ನುವ ಹಾಗೆ ಮುಂದೆ ಈಜಿದ. ಅವಳು ಹಿಂದೆಯೇ ಹೋದಳು.

"ಆ ಐದು ಜನ ಇನ್ನೂ ಅಲ್ಲೇ ಇದಾರಲ್ಲ," ಅಂದ ವಾಲ್ವಣ್ಣ.

ಜೋಡಿ ಜೊಂಡಿನ ಮರೆಗೆ ಹೋಗುವ ತನಕ ಅವನು ಕೋಲು ಬಿಡಲಿಲ್ಲ. ನಾನೂ ಬಿಡಲಿಲ್ಲ.